ಮೀನಿನ ಬಾಯೊಳಗಿನ ಮೊಟ್ಟೆಗಳು

ನನ್ನ ಅಣ್ಣನ ಹೆಂಡತಿಯನ್ನು ಬಂದರಿನವರೆಲ್ಲ ಕರೆಯುವುದು ಮೀನಕ್ಕ ಎಂದು. ನನಗೆ ಅತ್ತಿಗೆಯಾದರೂ ವಯಸ್ಸಿನಲ್ಲಿ ಇಬ್ಬರೂ ಸರಿಸುಮಾರು ಒಂದೇ, ಹಾಗಾಗಿ ಏಕವಚನ. ಸಮುದ್ರದೊಳಗೆ ಮುಳುಗಿ ಉಸಿರಾಡುವುದನ್ನು ಹೊಸಬರಿಗೆ ಕಲಿಸುವುದು ಅವಳ ಕೆಲಸ. ನೆಲದ ಮೇಲೆ ಪಟಪಟ ಮಾತಾಡುವವಳು, ಬೆನ್ನಿಗೆ ಸಿಲಿಂಡರ್ ಬಿಗಿದುಕೊಂಡು ನೀರಿಗಿಳಿದರೆ ಬೇರೆಯೇ ಹೆಂಗಸು.

ಮಂಡಿನೋವಿನ ಅಮ್ಮ ಸಂಜೆಯಾದರೆ ಕೇಳುತ್ತಿದ್ದಳು, "ಇವತ್ತು ಕೆಳಗೆ ಏನೇ ನೋಡ್ದೆ?" ಅತ್ತಿಗೆ ಕೈಬಾಯಿ ತಿರುಗಿಸಿ ವರ್ಣಿಸುತ್ತಿದ್ದಳು. ಒಂದು ದಿನ ಅಮ್ಮ ಅಂದಳು, "ಬಾಯಲ್ಲಿ ಬಣ್ಣ ಹೇಳಿದ್ರೆ ನಂಗೇನು ಕಾಣತ್ತೆ?"

ಅತ್ತಿಗೆ ಒಂದು ಹಳೇ ಕ್ಯಾಮೆರಾ ತಂದಳು. ಅಣ್ಣನದು ಗಡಿಯಾರ ರಿಪೇರಿ ಅಂಗಡಿ. ಕ್ಯಾಮೆರಾ ಕೂರಿಸುವ ಗಾಜಿನ ಮುಖದ ಪೆಟ್ಟಿಗೆಗೆ ಅವನೇ ನೀರು ನುಗ್ಗದಂತೆ ರಬ್ಬರ್ ಉಂಗುರ ಹೊಂದಿಸಿ, ಗ್ರೀಸ್ ಸವರಿ, ಒಂದು ಕೂದಲೂ ಸಿಕ್ಕದಂತೆ ಒರೆಸಿಕೊಟ್ಟ. ಮೊದಲ ಚಿತ್ರಗಳನ್ನು ನೋಡಿ ಅಮ್ಮ ಕೇಳಿದಳು, "ಇದೇನೇ, ನೀಲಿ ಹಾಕಿ ಬಟ್ಟೆ ಜಾಲಿಸಿದ ನೀರಾ?"

ಅತ್ತಿಗೆಗೆ ಛಲ ಬಂತು. ಆಳಕ್ಕೆ ಹೋದಂತೆ ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ, ಬೆಳಕನ್ನು ನಾವೇ ಒಯ್ಯಬೇಕು ಎಂದು ಕಲಿತಳು. ಮೀನನ್ನು ಅಟ್ಟಿಸಿಕೊಂಡು ಹೋದರೆ ಬಾಲ ಮಾತ್ರ ಸಿಗುತ್ತದೆ ಎಂಬುದನ್ನೂ ಕಲಿತಳು. ರಜೆಯ ದಿನಗಳೂ ಸಮುದ್ರದ ಪಾಲಾದವು. ಉಂಡ ಕೈ ಒಣಗಿದರೂ ಏಳದೆ ಚಿತ್ರಗಳನ್ನು ದೊಡ್ಡದು ಮಾಡಿ ನೋಡುವಳು.

ಅವಳ ಮನಸ್ಸನ್ನು ಪೂರ್ತಿ ಕದ್ದದ್ದು ಬೆರಳುದ್ದದ ಒಂದು ಗಂಡು ಮೀನು. ಮರಿಯಾಗುವವರೆಗೂ ಅದು ಮೊಟ್ಟೆಗಳನ್ನು ಬಾಯಲ್ಲೇ ಕಾಯುತ್ತದೆ. ಅವನ್ನು ಹೊರಳಿಸಲು ಆಗೊಮ್ಮೆ ಈಗೊಮ್ಮೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ಬಾಯಿ ತೆರೆಯುತ್ತದೆ. ಅತ್ತಿಗೆಗೆ ಬೇಕಿದ್ದದ್ದು ಆ ಗಳಿಗೆ.

ಹಡಗುಗಳ ತಳ ಉಜ್ಜುವ ಕೆಲಸಗಾರನೊಬ್ಬ ಅವಳಿಗೆ ನೀರಿನಲ್ಲಿ ಜೊತೆಗಾರ. ಅಂದು ಬೆಳಿಗ್ಗೆ ಅವಳು ಬಂಡೆಯ ಪಕ್ಕ ಅಲುಗದೆ ಕಾದಿದ್ದಳು. ಮೀನಿನ ದವಡೆ ಇನ್ನೇನು ಬಿಚ್ಚಬೇಕು, ಅಷ್ಟರಲ್ಲಿ ಪಕ್ಕದಲ್ಲಿ ಗುಳ್ಳೆಗಳ ರಾಶಿ. ಜೊತೆಗಾರನ ಗಾಳಿಯ ಕೊಳವೆ ಒಡೆದಿತ್ತು. ಅವಳು ಕ್ಯಾಮೆರಾವನ್ನು ಅಲ್ಲೇ ಬಿಟ್ಟಳು. ಆಪತ್ತಿಗೆಂದೇ ತನ್ನ ಸಿಲಿಂಡರಿಗಿದ್ದ ಇನ್ನೊಂದು ಕೊಳವೆಯನ್ನು ಅವನ ಬಾಯಿಗಿಟ್ಟು, ತೋಳು ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಅವಸರ ಮಾಡದೆ ನಿಧಾನವಾಗಿ ಮೇಲಕ್ಕೆ ತಂದಳು. ಕೆಳಗೆ ಸೆಳೆತ ಕ್ಯಾಮೆರಾವನ್ನು ಹೊತ್ತೊಯ್ದಿತು.

"ನನ್ನಿಂದ ನಿಮ್ಮ ಕ್ಯಾಮೆರಾ ಹೋಯ್ತಲ್ಲ ಮೀನಕ್ಕ," ಎಂದು ಅವನು ದೋಣಿಯಲ್ಲಿ ಕೂತು ಅತ್ತನಂತೆ.

"ಸುಮ್ನಿರಪ್ಪ. ಅದಕ್ಕೇನು ಉಸಿರು ಬೇಕಾ? ನಿನಗೆ ಬೇಕು."

ಆದರೆ ಮನೆಗೆ ಬಂದವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಬಿಟ್ಟು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಾವು ಯಾರೂ ಬಾಗಿಲು ತಟ್ಟಲಿಲ್ಲ.

ಜೊತೆಗಾರ ಹುಡುಕಿ ಹುಡುಕಿ ಬಂಡೆಯ ಸಂದಿನಿಂದ ಕ್ಯಾಮೆರಾ ತಂದುಕೊಟ್ಟ. ಪೆಟ್ಟಿಗೆ ಬಿರಿದು ಒಳಗೆಲ್ಲ ಉಪ್ಪುನೀರು. ಅಣ್ಣ ಬಿಚ್ಚಿ ನೋಡಿ, ಇನ್ನು ರಿಪೇರಿಯಾಗದು ಎಂದು ತಲೆಯಾಡಿಸಿದ. ಅತ್ತಿಗೆ ಇನ್ನೊಂದು ಹಳೇ ಕ್ಯಾಮೆರಾ ಹೊಂದಿಸಿಕೊಂಡು, ಮತ್ತೆ ಮೀನುಗಳು ಮೊಟ್ಟೆಯಿಡುವ ಕಾಲಕ್ಕೆ ಕಾದು, ಅದೇ ಬಂಡೆಯ ಬಳಿ ಹೋಗಿ ಕೂತಳು. ಮೀನು ಬಾಯಿ ತೆರೆಯಿತು.

ಆ ಚಿತ್ರ ಅಂಗಡಿಯ ಗೋಡೆಗೇರಿತು. ಅಣ್ಣನ ಭೂತಗನ್ನಡಿ ಹಿಡಿದು ಅಮ್ಮ ನೋಡಿದಳು. ಬಾಯಿ ತುಂಬ ಮೊಟ್ಟೆಗಳು, ಒಂದೊಂದರೊಳಗೂ ಬೆಳ್ಳಿಯ ಎರಡು ಚುಕ್ಕೆ ಕಣ್ಣು.

"ಮತ್ತೆ ಇದು ಊಟ ಹೆಂಗೆ ಮಾಡತ್ತೆ?"

"ಮಾಡಲ್ಲ ಅತ್ತೆ. ಮರಿ ಆಗೋವರೆಗೂ ಉಪವಾಸ."

ಅಮ್ಮ ಅಣ್ಣನ ಕಡೆ ತಿರುಗಿದಳು. "ನೋಡೋ, ಅಪ್ಪ ಅಂದ್ರೆ ಹಿಂಗಿರಬೇಕು. ನೀನು ನಿನ್ನ ಮಗೂನ ಎತ್ಕೊಂಡೂ ಬಿಸ್ಕತ್ತು ತಿಂತಿದ್ದೆ."

ಈಗ ಅತ್ತಿಗೆಯ ಕಣ್ಣು ಒಂದು ಏಡಿಯ ಮೇಲೆ ಬಿದ್ದಿದೆ. ಅದು ಹಳೇ ಚಿಪ್ಪು ಕಳಚುವುದನ್ನು ಹಿಡಿಯಬೇಕಂತೆ. ಯಾವಾಗ ಕಳಚುತ್ತೆ ಎಂದು ಕೇಳಿದೆ. "ಅದಕ್ಕೆ ಮನಸ್ಸು ಬಂದಾಗ," ಎನ್ನುತ್ತ ಚೀಲ ಹೆಗಲಿಗೇರಿಸಿ ಹೊರಟಳು.