ಚುಕ್ಕೆಯಿಲ್ಲದ ರಾಣಿ

ಬೀಗ ರಿಪೇರಿ ಮಾಡುವವರಾದರೂ ಜೇನು ಸಾಕುವವರ ನಡುವೆ ಅವರಿಗೆ ಮೇಷ್ಟ್ರು ಎಂದೇ ಹೆಸರು. ರಜೆಯ ದಿನ ಅಂಗಡಿಯ ಹಿಂದಿನ ಅಂಗಳಕ್ಕೆ ಬಂದವರಿಗೆಲ್ಲ ಜೇನುಪೆಟ್ಟಿಗೆ ನೋಡಿಕೊಳ್ಳುವುದನ್ನು ಕಲಿಸುತ್ತಿದ್ದರು. ರಾಣಿಯನ್ನು ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು ಎಂದು ಕೇಳಿದರೆ ಅವರಲ್ಲಿ ಎರಡು ಮಾತಿರಲಿಲ್ಲ. ಎರಡು ವರ್ಷಕ್ಕೊಮ್ಮೆ. ಮೊಟ್ಟೆ ಕಡಿಮೆಯಾಗುವ ತನಕ ಕಾಯುವವನು ಸೋಮಾರಿ.

ಊರಿನ ಇನ್ನೊಂದು ತುದಿಯಲ್ಲಿದ್ದ ಅವರ ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಮಾಳಿಗೆಯ ಮೇಲೆ ಒಂದೇ ಒಂದು ಪೆಟ್ಟಿಗೆ. ಅದರ ರಾಣಿಯ ಬೆನ್ನಿಗೆ ಗುರುತಿಗೆಂದು ಮೇಷ್ಟ್ರೇ ಇಟ್ಟಿದ್ದ ನೀಲಿ ಚುಕ್ಕೆಗೆ ಮೂರನೆಯ ವರ್ಷ ನಡೆಯುತ್ತಿತ್ತು.

"ಮರಿ ತುಂಬಿಕೊಂಡಿದೆಯಲ್ಲೋ, ಯಾಕೆ ಕೈ ಹಾಕ್ತೀಯ?" ಎಂದು ಅಕ್ಕ ಕೇಳಿದ್ದಳು. ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಕಲಿಯಲು ಬಂದವರನ್ನೆಲ್ಲ ಮಾಳಿಗೆ ಹತ್ತಿಸಿ, ಜೇನುಹುಟ್ಟಿನ ಚೌಕಟ್ಟೊಂದನ್ನು ಎತ್ತಿ, ನೀಲಿ ಚುಕ್ಕೆಯ ರಾಣಿಯನ್ನು ಎಲ್ಲರ ಕಣ್ಣೆದುರಿಗೇ ಬೆರಳಲ್ಲಿ ಹೊಸಕಿದರು. ಹೊಸ ರಾಣಿಯನ್ನು ಪುಟ್ಟ ಪಂಜರದಲ್ಲಿಟ್ಟು, ಪಂಜರದ ಬಾಯಿಗೆ ಸಕ್ಕರೆಯ ಮುದ್ದೆ ಮೆತ್ತಿ ಇಳಿಸಿದರು. ಹುಳುಗಳು ಅದನ್ನು ತಿಂದು ಮುಗಿಸುವಷ್ಟರಲ್ಲಿ ಹೊಸ ವಾಸನೆಗೆ ಒಗ್ಗಿಕೊಳ್ಳುತ್ತವೆ ಎಂದು ವಿವರಿಸಿದರು. ಉಳಿದ ಚೌಕಟ್ಟುಗಳನ್ನು ನೋಡುವ ಗೋಜಿಗೆ ಹೋಗಲಿಲ್ಲ.

ಮುಂದಿನ ವಾರ ಎಲ್ಲರೂ ಮತ್ತೆ ಹತ್ತಿದಾಗ ಹೊಸ ರಾಣಿ ಪೆಟ್ಟಿಗೆಯ ಬಾಗಿಲಲ್ಲಿ ಸತ್ತು ಒಣಗಿತ್ತು.

"ಹುಳು ಒಗ್ಗೋ ಮೊದಲೇ ನೀನು ಮುಚ್ಚಳ ತೆಗೆದು ಇಣುಕಿದ್ದೀಯ, ಅಕ್ಕ. ಸುಮ್ಮನಿರೋದು ನಿನ್ನ ಕೈಗೆ ಬರಲ್ಲ. ಇದೇನು ಬಿಚ್ಚಿ ಹೊಲಿಯೋ ಬಟ್ಟೆ ಅಂದ್ಕೊಂಡ್ಯಾ?"

ಕಲಿಯಲು ಬಂದು ಹಿಂದೆ ನಿಂತಿದ್ದ ಬೇಕರಿಯವನೊಬ್ಬ ಕಿಸಕ್ಕೆಂದ. ತಾನು ಮುಟ್ಟಿಲ್ಲ ಎಂದು ಅಕ್ಕ ಒಮ್ಮೆ ಹೇಳಿದಳು, ಇನ್ನೊಮ್ಮೆ ಹೇಳಲಿಲ್ಲ. ಪೆಟ್ಟಿಗೆ ತನಗೆ ಬೇಡ, ತೆಗೆದುಕೊಂಡು ಹೋಗಲಿ ಎಂದು ಸಂಜೆ ಹೇಳಿ ಕಳಿಸಿದಳು.

ಮೇಷ್ಟ್ರು ಅದನ್ನು ತಮ್ಮ ಅಂಗಳಕ್ಕೆ ತಂದು, ಒಬ್ಬರೇ ಇದ್ದಾಗ ಚೌಕಟ್ಟುಗಳನ್ನು ಒಂದೊಂದಾಗಿ ತೆಗೆದರು. ಅಂಚಿನ ಚೌಕಟ್ಟಿನಲ್ಲಿ, ಹೊಸ ಮೊಟ್ಟೆಗಳ ಮೇಲೆ, ಚುಕ್ಕೆಯಿಲ್ಲದ ಎಳೆಯ ರಾಣಿಯೊಂದು ಓಡಾಡುತ್ತಿತ್ತು. ಮುದಿ ರಾಣಿಯ ಜಾಗಕ್ಕೆ ಮಗಳನ್ನು ಹುಳುಗಳು ಯಾವಾಗಲೋ ತಾವೇ ಬೆಳೆಸಿಕೊಂಡಿದ್ದವು. ತಾಯಿ ಮಗಳು ಒಟ್ಟಿಗೇ ಮೊಟ್ಟೆಯಿಡುತ್ತಿದ್ದರು. ಹೀಗಾಗುವುದುಂಟೆಂದು ಮೇಷ್ಟ್ರಿಗೆ ಗೊತ್ತಿತ್ತು. ಗೊತ್ತಿದ್ದೂ ನೋಡಿರಲಿಲ್ಲ. ರಾಣಿಯಿದ್ದ ಮನೆಗೆ ಹೊರಗಿನ ರಾಣಿಯನ್ನು ನೂಕಿ ಸಾಯಿಸಿದ್ದು ಅವರೇ.

ಕಿವಿ ಬಿಸಿಯಾಯಿತು. ಅಂಗಳದಲ್ಲಿ ಯಾರೂ ಇಲ್ಲದಿದ್ದರೂ ಮುಖದ ಬಲೆ ತೆಗೆಯಲಿಲ್ಲ. ಈ ರಾಣಿಗೊಂದು ಚುಕ್ಕೆ ಇಟ್ಟುಬಿಟ್ಟರೆ ತಾವೇ ಮತ್ತೊಂದು ರಾಣಿಯನ್ನು ತಂದು ಬಿಟ್ಟದ್ದು ಎನ್ನಬಹುದಿತ್ತು. ಬಣ್ಣದ ಬಾಟಲಿಯ ಮುಚ್ಚಳ ತೆಗೆದದ್ದೂ ಆಯಿತು. ಕಡ್ಡಿ ಅದ್ದುವಾಗ ತಮ್ಮ ಬಗ್ಗೆ ತಮಗೇ ಹೇಸಿಗೆಯಾಗಿ ಮುಚ್ಚಿಟ್ಟರು.

ಅಕ್ಕನ ಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಬಣ್ಣದ ಬಾಟಲಿಯ ತನಕ ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿದರು. ಅವಳು ಹೊಲಿಗೆ ನಿಲ್ಲಿಸಲಿಲ್ಲ. ಕೊನೆಗೆ ಹಲ್ಲಿನಲ್ಲಿ ದಾರ ಕಡಿದಳು.

"ಬೈದಿದ್ದು ಅಷ್ಟೂ ಜನರ ಮುಂದೆ. ಒಪ್ಪಿಕೊಳ್ಳೋದು ಬಾಗಿಲು ಹಾಕ್ಕೊಂಡಾ?"

ಮುಂದಿನ ರಜೆಯ ದಿನ ಅಂಗಳದಲ್ಲಿ, ಕಲಿಯಲು ಬಂದವರ ಹಿಂದೆ, ಅಕ್ಕ ಸ್ಟೂಲಿನ ಮೇಲೆ ಕುಳಿತಿದ್ದಳು. ಮೇಷ್ಟ್ರು ಹುಳುಗಳನ್ನು ಸುಮ್ಮನಾಗಿಸುವ ಹೊಗೆಡಬ್ಬಿಗೆ ಮತ್ತೆ ಮತ್ತೆ ಬೆಂಕಿಕಡ್ಡಿ ಗೀರಿದರು. ಅದು ಆಗಲೇ ಹೊತ್ತಿಕೊಂಡಿತ್ತು. ಆಮೇಲೆ ಎಳೆಯ ರಾಣಿಯನ್ನು ತೋರಿಸಿ, ತಾವು ನೋಡದೆ ಮಾಡಿದ್ದನ್ನೂ ಅಕ್ಕನ ಮೇಲೆ ಹಾಕಿದ್ದನ್ನೂ ಹೇಳಿದರು. ಈ ಸಲ ಯಾರೂ ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಹಾಗಾದ್ರೆ ಎರಡು ವರ್ಷದ ಲೆಕ್ಕ ಇಲ್ವಾ, ಮೇಷ್ಟ್ರೇ?" ಎಂದ ಬೇಕರಿಯವನು.

"ಮೊದಲು ಎಲ್ಲಾ ಚೌಕಟ್ಟು ನೋಡಿ," ಎಂದರು. "ಲೆಕ್ಕ ಆಮೇಲೆ."

ಅಕ್ಕ ಎದ್ದು ಸೀರೆ ಕೊಡವಿಕೊಂಡಳು. "ಕತ್ತಲಾದ ಮೇಲೆ ಪೆಟ್ಟಿಗೆ ತಂದಿಡು. ಇನ್ಮೇಲೆ ಮುಚ್ಚಳ ನಾನೇ ತೆಗೀತೀನಿ."

ಮೇಷ್ಟ್ರು ತಲೆಯಾಡಿಸಿದರು. ಅವಳು ಗೇಟು ದಾಟುವ ತನಕ ಮುಖವೆತ್ತಲಿಲ್ಲ.