ಅಪ್ಪನ ಎರಡು ಬೆರಳು

ಅಪ್ಪನ ಬಲಗೈಯ ಮೂರು ಬೆರಳು ಚಳ್ಳಕೆರೆಯ ಒಂದು ಶೇಂಗಾ ಮಿಲ್ಲಿನ ಬೆಲ್ಟಿಗೆ ಸಿಕ್ಕಿ ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಪಿಯುಸಿ ಮುಗಿಸಿ, ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅವ್ವನ ಜೊತೆ ರೇಷ್ಮೆ ಸುತ್ತುತ್ತಿದ್ದೆ. ಸೀರೆ ನೇಯಿಸುವ ಸಾಹುಕಾರರು ನೂಲು ಕೊಡುತ್ತಿದ್ದರು. ಅದನ್ನು ರಾಟೆಗೆ ಹಾಕಿ, ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗಳಿಗೆ ಸುತ್ತಿ ಕೊಡುವುದು ನಮ್ಮ ಕೂಲಿ. ಮಿಲ್ಲಿನವರು ಆಸ್ಪತ್ರೆಯ ಖರ್ಚು ನೋಡಿಕೊಂಡರು. ಆಮೇಲೆ ಅಪ್ಪನನ್ನು ಕರೆಯಲಿಲ್ಲ.

ಗಾಯ ಮಾಗಿದ ಮೇಲೂ ಅಪ್ಪ ಎಷ್ಟೋ ದಿನ ಕೈಗೆ ಟವೆಲ್ ಸುತ್ತಿಕೊಂಡೇ ಇದ್ದ. ಒಂದು ಮಧ್ಯಾಹ್ನ ಅವ್ವ ನೀರಿಗೆ ಹೋಗಿದ್ದಳು, ನಾನು ಒಲೆಯ ಮುಂದಿದ್ದೆ. ಹೊರಗೆ ಬಂದು ನೋಡಿದರೆ ಅಪ್ಪ ರಾಟೆಯ ಪಕ್ಕ ಕೂತಿದ್ದ. ಕಡಿದುಹೋಗಿದ್ದ ಎಳೆಯ ಒಂದು ತುದಿಯನ್ನು ಆ ಎರಡು ಬೆರಳಿನ ನಡುವೆ ಹಿಡಿದು, ಎಡಗೈಯಿಂದ ಇನ್ನೊಂದು ತುದಿಯನ್ನು ತಂದು ಹೊಸೆಯುತ್ತಿದ್ದ. ಹತ್ತು ಸಲ ಜಾರಿತು. ನಾನು ಸುಮ್ಮನೆ ಬಾಗಿಲಲ್ಲಿ ನಿಂತೆ. ಕೊನೆಗೆ ಕೂಡಿತು.

ಮೂರು ನಾಲ್ಕು ತಿಂಗಳಲ್ಲಿ ಕಡಿದ ಎಳೆಗಳೆಲ್ಲ ಅಪ್ಪನ ಪಾಲಿಗೆ ಬಂದವು. ಬೆಳಕು ಬೇಕೆಂದು ಬೀದಿ ಕಡೆಯ ಜಗುಲಿಯಲ್ಲೇ ಕೂರುತ್ತಿದ್ದ. ಹೋಗಿಬರುವವರು ನಿಂತು ಮಾತಾಡಿಸುತ್ತಿದ್ದರು. "ನಿಮ್ಮಪ್ಪ ಕೂಡಿಸಿದ ಜಾಗ ಕಣ್ಣಿಗೆ ಕಾಣಲ್ಲ ನೋಡು" ಎಂದು ಅವ್ವ ಹೇಳಿದ್ದು ನೆನಪಿದೆ. ಗಂಡನನ್ನು ಹೊಗಳುವ ಹೆಂಗಸಲ್ಲ ಅವಳು.

ಆದರೂ ಮಿಲ್ಲಿನ ಕೂಲಿ ನಿಂತಿದ್ದು ನಿಂತೇ ಹೋಯಿತು. ನೂಲಿನ ದರ ಏರಿದ ತಿಂಗಳುಗಳಲ್ಲಿ ಸಾಹುಕಾರರು ಕೆಲಸ ಕೊಡುತ್ತಿರಲಿಲ್ಲ. ಆ ದಿನಗಳಲ್ಲಿ ಒಪ್ಪೊತ್ತು ಮಾತ್ರ ಒಲೆ ಹಚ್ಚುತ್ತಿದ್ದೆವು. ಚಳ್ಳಕೆರೆಯಲ್ಲಿ ಅಂಗವಿಕಲರ ತಪಾಸಣೆ ಮಾಡುತ್ತಾರೆ, ಡಾಕ್ಟರ ಸರ್ಟಿಫಿಕೇಟು ಸಿಕ್ಕರೆ ಸರ್ಕಾರದಿಂದ ತಿಂಗಳ ವೇತನ ಬರುತ್ತದೆ ಎಂದು ಯಾರೋ ಹೇಳಿದರು. ಅಪ್ಪನಿಗೆ ಮನಸ್ಸಿರಲಿಲ್ಲ. ಅವ್ವ ಅವನ ಬಿಳಿ ಅಂಗಿ ಒಗೆದು ಹಾಕಿದಳು. ಅರ್ಜಿ ಓದಿ ಬರೆಯಲು ಬೇಕೆಂದು ನಾನು ಜೊತೆಗೆ ಹೊರಟೆ.

ತಪಾಸಣೆ ಒಂದು ಶಾಲೆಯ ಕೋಣೆಯಲ್ಲಿತ್ತು. ಹೊರಗೆ ಬಿಸಿಲಲ್ಲಿ ಸಾಲು. ನಮ್ಮ ಮುಂದಿದ್ದ ಹೆಂಗಸು ಕಾಲು ಊನವಾಗಿದ್ದ ಗಂಡನನ್ನು ಬೆನ್ನಿಗೆ ಆನಿಸಿಕೊಂಡು ಕೂತಿದ್ದಳು. ಅಪ್ಪನ ಕೈ ನೋಡಿ ನನ್ನ ಕಡೆ ಬಾಗಿ ಹೇಳಿದಳು.

"ಒಳಗೆ ಏನೂ ಮಾಡಿ ತೋರಿಸ್ಬ್ಯಾಡ್ರವ್ವ. ಹೋದ ಸಲ ನಮ್ಮೋರು ಗ್ವಾಡೆ ಹಿಡ್ಕಂಡು ನಾಕೆಜ್ಜೆ ನಡೆದ್ರು. ನಡೀತೀಯಲ್ಲ ಅಂತ ವಾಪಸ್ ಕಳ್ಸಿದ್ರು."

ಅಪ್ಪನಿಗೂ ಅದು ಕೇಳಿಸಿತು. ಅವನು ಮೈದಾನದ ಕಡೆ ನೋಡುತ್ತಿದ್ದ.

ಒಳಗಿದ್ದ ಡಾಕ್ಟರು ಒಳ್ಳೆಯವರು. ಕುರ್ಚಿ ತೋರಿಸಿ, ಕೈಯನ್ನು ಮೆಲ್ಲಗೆ ಹಿಡಿದು ಮಡಚಿ ನೋಡಿದರು. "ಎರಡು ಬೆರಳು ಚೆನ್ನಾಗಿ ಆಡ್ತಾವಲ್ಲ" ಎಂದು ತಮ್ಮ ಪೆನ್ನು ಮುಂದೆ ಚಾಚಿದರು. "ಇದನ್ನ ಹಿಡೀರಿ, ನೋಡೋಣ."

ಅಪ್ಪ ಕೈ ಮುಂದೆ ಮಾಡಿದ. ಹಿಡಿದೇ ಬಿಡುತ್ತಿದ್ದ. ಕೂದಲಿಗಿಂತ ಸಣ್ಣ ಎಳೆ ಹಿಡಿಯುವವನಿಗೆ ಪೆನ್ನು ಏನು ಲೆಕ್ಕ? ಮುಖದಲ್ಲಿ ಸ್ವಲ್ಪ ಹುರುಪೂ ಬಂದಿತ್ತು.

"ಹಿಡಿಯಾಕಾಗಲ್ಲ ಸಾರ್" ಎಂದೆ ನಾನು. "ಆ ಕೈಲಿ ಏನೂ ಆಗಲ್ಲ. ಊಟಾನೂ ನಮ್ಮವ್ವನೇ ತಿನ್ನಿಸ್ತಾಳೆ."

ಅಪ್ಪ ನನ್ನ ಕಡೆ ತಿರುಗಿ ನೋಡಿದ. ಸಿಟ್ಟಿನ ನೋಟವಲ್ಲ ಅದು. ಗುರುತು ಸಿಗದವರನ್ನು ನೋಡುವ ಹಾಗಿತ್ತು. ಪೆನ್ನು ಬೆರಳಿಗೆ ತಾಗಿತು, ಅವನು ಹಿಡಿಯಲಿಲ್ಲ. ಅದು ಮೇಜಿನ ಮೇಲೆ ಉರುಳಿ ನೆಲಕ್ಕೆ ಬಿತ್ತು. ನಾನೇ ಬಗ್ಗಿ ಎತ್ತಿಕೊಟ್ಟೆ. ಡಾಕ್ಟರು ಬರೆದುಕೊಂಡರು.

ಮೊಳಕಾಲ್ಮೂರಿನ ಬಸ್ಸು ಹತ್ತುವ ಮೊದಲು, ಅವ್ವ ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟು ಬಿಚ್ಚಿದೆ. ಅಪ್ಪ ಎಡಗೈಯಲ್ಲಿ ತಿಂದ. ಬಲಗೈ ತೊಡೆಯ ಮೇಲೇ ಇತ್ತು.

ವೇತನ ಮಂಜೂರಾಯಿತು. ಪೋಸ್ಟಿನವರು ಮನಿಯಾರ್ಡರು ತರುತ್ತಿದ್ದರು. ದೊಡ್ಡ ದುಡ್ಡೇನಲ್ಲ, ಆದರೆ ಸಾಹುಕಾರರು ನೂಲು ಕೊಡದ ತಿಂಗಳಲ್ಲಿ ಮನೆಗೆ ಅಕ್ಕಿ ತಂದದ್ದು ಅದೇ. ಅವ್ವನ ಕನ್ನಡಕವೂ ಅದರಿಂದಲೇ ಆಯಿತು. ಆ ದುಡ್ಡನ್ನು ನಾನು ಹಳಿಯಲಾರೆ. ಕೆಟ್ಟದ್ದು ಹುಟ್ಟಿದ್ದು ನನ್ನ ಹೆದರಿಕೆಯಿಂದ. ಬೀದಿಯಲ್ಲಿ ಯಾರಾದರೂ ನಿಂತು ನೋಡಿದರೆ ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಇವನು ಕೆಲಸ ಮಾಡುತ್ತಾನೆಂದು ತಾಲ್ಲೂಕು ಕಚೇರಿಗೆ ದೂರು ಕೊಟ್ಟುಬಿಟ್ಟರೆ?

"ಅಪ್ಪಾ, ಒಳಗೆ ಕೂತ್ಕಂಡು ಮಾಡು" ಎಂದೆ.

"ಒಳಗೆ ಎಳೆ ಕಾಣಲ್ಲ ತಾಯಿ."

"ಯಾರಾರ ನೋಡಿದ್ರೆ ಏನ್ ಹೇಳಾನ?"

ಅವನು ಎದ್ದು ಒಳಗೆ ಬಂದ. ಕತ್ತಲ ಕೋಣೆಯಲ್ಲಿ ಕೆಲವು ದಿನ ಪ್ರಯತ್ನ ಮಾಡಿದ. ನೂಲು ಸಿಕ್ಕಾಯಿತು, ಸಾಹುಕಾರರು ಬೈದರು. ಆಮೇಲೆ ಅಪ್ಪ ರಾಟೆಯ ಹತ್ತಿರ ಬರಲಿಲ್ಲ. ಎಳೆ ಕೂಡಿಸುವ ಕೆಲಸ ಮತ್ತೆ ಅವ್ವನಿಗೇ ಹೋಯಿತು.

ಅಪ್ಪ ಕೆಲಸ ಬಿಟ್ಟು ಒಂದೆರಡು ವರ್ಷವಾದ ಮೇಲೆ ಒಮ್ಮೆ ಗ್ರಾಮಲೆಕ್ಕಿಗರು ವೇತನದವರ ಪಟ್ಟಿ ಹಿಡಿದು ಮನೆಮನೆಗೆ ಬಂದರು. ನಾನು ನೀರು ಕೊಟ್ಟೆ. ಅಪ್ಪ ಟವೆಲಿನೊಳಗೆ ಕೈ ಇಟ್ಟುಕೊಂಡೇ ನಮಸ್ಕಾರ ಮಾಡಿದ. ಅವರು ಹೆಸರು ಕೇಳಿ ಗುರುತು ಹಾಕಿಕೊಂಡು, "ಸುಮ್ನೆ ಕೂತ್ರೆ ಬೇಜಾರಲ್ಲೇನ್ರೀ? ಕೈಲಾದ ಕೆಲ್ಸ ಏನಾರ ಮಾಡ್ಕಂಡಿರಿ" ಎಂದರು.

"ನನ್ನ ಕೈಲಿ ಏನೂ ಆಗಲ್ಲ ಸಾಮಿ" ಎಂದ ಅಪ್ಪ.

ಅವರು ಹೋದ ಮೇಲೆ ನಾನು, "ನೋಡಪ್ಪಾ, ಅವ್ರೇ ಹೇಳಿದ್ರು. ನಾಳೆಯಿಂದ ಜಗಲಿ ಮೇಲೆ ಕೂತ್ಕ" ಎಂದೆ. ಅಪ್ಪ ಟವೆಲು ಬಿಚ್ಚಿ ತೋರಿಸಿದ. ಬೆರಳು ಎರಡೂ ಒಳಕ್ಕೆ ಮಡಚಿ ಬಿಗಿದಿದ್ದವು. ಎಣ್ಣೆ ಹಚ್ಚಿ ಬಿಡಿಸಲು ಹೋದೆ. ನೋವಾಗಿ ಕೈ ಎಳೆದುಕೊಂಡ.

ಅದಾಗಿ ಎರಡು ವರ್ಷಕ್ಕೆ ಅಪ್ಪ ತೀರಿಕೊಂಡ. ಕೊನೆಯ ತಿಂಗಳುಗಳಲ್ಲಿ ಅವ್ವ ನಿಜವಾಗಿಯೂ ತುತ್ತು ಮಾಡಿ ತಿನ್ನಿಸಬೇಕಾಯಿತು. ಬೇರೆ ಕಾಯಿಲೆಯೂ ಇತ್ತು, ಎಲ್ಲ ನನ್ನ ಮಾತಿನಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ತುತ್ತು ಕಲಸುವಾಗ ಮಾತ್ರ ನಾನು ಆ ಕೋಣೆಯಲ್ಲಿ ಇರುತ್ತಿರಲಿಲ್ಲ.

ಆಮೇಲೆ ಅವ್ವನ ವಿಧವಾ ವೇತನಕ್ಕೆ ಅರ್ಜಿ ತುಂಬಲು ಕೂತೆ. ಉದ್ಯೋಗ ಎಂಬ ಕಡೆ ಪೆನ್ನು ನಿಂತಿತು.

"ರೇಷ್ಮೆ ಸುತ್ತುತಾಳೆ ಅಂತ ಬರಿ" ಎಂದಳು ಅವ್ವ.

"ಅದನ್ನ ಬರದ್ರೆ ಕೊಡ್ತಾರೋ ಇಲ್ಲೋ."

"ಕೊಡದಿದ್ರೆ ಬ್ಯಾಡ. ನಿಮ್ಮಪ್ಪಂಗೆ ಮಾಡ್ದಂಗೆ ನಂಗೆ ಮಾಡ್ಬ್ಯಾಡ."

ಆ ಮಾತನ್ನು ಅವ್ವ ಆಡಿದ್ದು ಆ ಒಂದು ಸಲ ಮಾತ್ರ. ನಾನು ಬರೆದೆ. ಅವಳು ಸಹಿ ಮಾಡಿ, ಕನ್ನಡಕ ಹಾಕಿಕೊಂಡು ಜಗುಲಿಗೆ ಹೋದಳು. ಆ ಅರ್ಜಿಗೆ ಕಚೇರಿಯಲ್ಲಿ ಯಾರೂ ತಕರಾರು ಮಾಡಲಿಲ್ಲ.