ಫೋಟೊಗಾಗಿ ಕುಡಿದ ನೀರು

ಎರಡು ವರ್ಷಗಳ ಹಿಂದಿನ ಬೇಸಿಗೆ. ಬಸವನ ಬಾಗೇವಾಡಿಗೂ ಮುದ್ದೇಬಿಹಾಳಕ್ಕೂ ನಡುವಿನ ಒಂದು ಹಳ್ಳಿ ನಮ್ಮದು. ಹೆಸರು ಬರೆಯುವುದಿಲ್ಲ, ನಾನಿನ್ನೂ ಅಲ್ಲೇ ಬಾಳಬೇಕು. ಆ ವರ್ಷ ಉದ್ಯೋಗ ಖಾತ್ರಿಯಲ್ಲಿ ನಮ್ಮೂರ ಕೆರೆಯ ಹೂಳೆತ್ತುವ ಕೆಲಸ ಬಂದಿತ್ತು.

ಚಿಕ್ಕಂದಿನಲ್ಲಿ ಪೋಲಿಯೊ ಆಗಿ ನನ್ನ ಬಲಗಾಲು ಸೋತಿದೆ. ಪಿಯುಸಿ ಪಾಸಾಗಿದ್ದರೂ ಎಲ್ಲೂ ಕೆಲಸ ಸಿಕ್ಕಿರಲಿಲ್ಲ. ಕಳೆ ತೆಗೆಯುವುದಕ್ಕೂ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಖಾತ್ರಿ ಕೆಲಸದಲ್ಲಿ ಮಾತ್ರ ಅಂಗವಿಕಲರಿಗೆ ಕೈಲಾಗುವ ಕೆಲಸ ಕೊಡಬೇಕು, ಕೂಲಿಯನ್ನು ಎಲ್ಲರಷ್ಟೇ ಕೊಡಬೇಕು ಎಂದು ನಿಯಮವಿದೆ. ಕೂಲಿಕಾರರ ಗುಂಪಿನ ಮೇಲ್ವಿಚಾರಣೆ ನೋಡುತ್ತಿದ್ದ ಸಿದ್ದಪ್ಪಣ್ಣ ತಾನಾಗಿಯೇ ನಮ್ಮ ಓಣಿಗೆ ಬಂದು ಹೇಳಿದ.

"ರೇಣುಕಾ, ನೀ ಏನೂ ಎತ್ತೂದು ಬ್ಯಾಡ. ನೆಳ್ಳಾಗ ಕುಂತು ಮಂದಿಗೆ ನೀರು ಕೊಡು. ಅದೂ ಕೆಲಸನ ಐತಿ."

ಅವ್ವನಿಗೆ ಹಿಗ್ಗೋ ಹಿಗ್ಗು. ಮಗಳು ಮೊದಲ ಸಲ ಪಗಾರದ ಕೆಲಸಕ್ಕೆ ಹೋಗುತ್ತಾಳೆಂದು ಹೊಸ ಕೊಡ ತಂದಳು, ಅದರ ಬಾಯಿಗೆ ಕಟ್ಟಲು ಬಿಳಿ ಅರಿವೆ ಒಗೆದು ಕೊಟ್ಟಳು. ನಾವು ಪರಿಶಿಷ್ಟ ಜಾತಿಯವರು ಎನ್ನುವುದು ಇಬ್ಬರಿಗೂ ಮರೆತಿರಲಿಲ್ಲ. ಆದರೆ ಇದು ಸರ್ಕಾರದ ಕೆಲಸ, ಯಾರದೋ ಮನೆಯ ಅಂಗಳವಲ್ಲ ಎಂದುಕೊಂಡಿದ್ದೆವು.

ಕೆರೆದಂಡೆಯ ಜಾಲಿಮರದ ಕೆಳಗೆ ಕೊಡ ಇಟ್ಟುಕೊಂಡು ಕುಳಿತೆ. ಬಿಸಿಲು ಏರಿತು. ಮಣ್ಣು ಹೊತ್ತು ಬೆವೆತವರು ಒಬ್ಬೊಬ್ಬರಾಗಿ ನೆರಳಿಗೆ ಬಂದರು. ನಮ್ಮ ಓಣಿಯವರು ಬಂದು ತಂಬಿಗೆ ಎತ್ತಿ ಕುಡಿದರು. ಉಳಿದವರು ನನ್ನನ್ನು ದಾಟಿ ಹೋಗಿ, ಟೊಂಗೆಗೆ ತೂಗುಹಾಕಿದ್ದ ತಮ್ಮ ಚೀಲದಿಂದ ಬಾಟಲಿ ತೆಗೆದರು. ಬಿಸಿಲಿಗೆ ಕಾದು ಬಿಸಿಯಾಗಿದ್ದ ಆ ನೀರನ್ನೇ ಕುಡಿದು ಮತ್ತೆ ಕೆರೆಗೆ ಇಳಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು.

ಅವರಲ್ಲಿ ಕಾಶಿಬಾಯಿಯೂ ಇದ್ದಳು. ಸಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನನ್ನ ಗಣಿತ ನೋಡಿ ಬರೆಯುತ್ತಿದ್ದಳು, ಅವಳ ಜೇಬಿನ ಶೇಂಗಾ ನಾನು ತಿನ್ನುತ್ತಿದ್ದೆ. ನನ್ನೆದುರಿಗೇ ನಿಂತು, ಬೇರೆಯವಳ ಬಾಟಲಿ ಬೇಡಿ ಇಸಿದುಕೊಂಡು ಕುಡಿದಳು. ನನ್ನ ಕಡೆ ನೋಡಿ ನಕ್ಕಳು ಕೂಡ.

ಆ ವಾರ ಹಾಗೇ ಕಳೆಯಿತು. ಬಿಸಿಲು ಜಾಸ್ತಿಯಾದಂತೆ ಬಾಟಲಿ ನೀರು ಸಾಲದಾಯಿತು. ಆಗ ಸಿದ್ದಪ್ಪಣ್ಣ ನನ್ನ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕುಳಿತ. ದನಿ ಬಹಳ ಮೆತ್ತಗಿತ್ತು.

"ತಂಗಿ, ಮಂದಿಗೆ ನೀರಿನ ತ್ರಾಸ ಆಗಾಕತ್ತೈತಿ. ನೀ ಒಂದ ಕೆಲಸ ಮಾಡು. ಹಾಜರಿ ಫೋಟೊ ತಗಿಯೂ ಹೊತ್ತಿಗೆ ಬಂದು ನಿಂತು, ಮನಿಗೆ ಹೋಗಿಬಿಡು. ಪಗಾರ ನಿನ್ನ ಖಾತೆಕ್ಕ ಬಂದ ಬರ್ತೈತಿ."

"ಮತ್ತ ನೀರು ಯಾರು ಕೊಡ್ತಾರ್ರಿ ಅಣ್ಣಾರ?"

"ಕಾಶಿಬಾಯಿ ಕೊಡ್ತಾಳ."

ಎರಡೂ ಕಾಲು ಗಟ್ಟಿಯಿದ್ದ ಕಾಶಿಬಾಯಿ ನೆರಳಿನಲ್ಲಿ ಕೂರಬೇಕು, ನಾನು ಮನೆಯಲ್ಲಿ ಕೂರಬೇಕು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ನಾ ದುಡದು ಪಗಾರ ತೊಗೊಳ್ಳಾಕ ಬಂದೀನಿ. ದೂರ ಇರಾಕ ಪಗಾರ ಕೊಡೂದಿದ್ರ ನನಗ ಬ್ಯಾಡ್ರಿ" ಎಂದೆ.

"ನಿನ್ನ ಒಳ್ಳೇದಕ್ಕ ಹೇಳೀನಿ" ಎಂದು ಎದ್ದು ಹೋದ.

ಮರುದಿನ ಬಸ್ಸು ಹಿಡಿದು ಮೇಲಿನ ಕಚೇರಿಗೆ ಹೋಗಿ ದೂರು ಕೊಟ್ಟೆ. ಅವ್ವ ತಲೆ ಮೇಲೆ ಕೈಹೊತ್ತು ಕುಳಿತಳು. "ಊರ ಮಂದಿ ಕೂಡ ಯಾಕ ಹಗೆ ಕಟ್ಕೊಂಡಿ?" ಎಂದಳು. ಸರ್ಕಾರದ ದುಡ್ಡಿನ ಕೆಲಸದಲ್ಲಿ ಜಾತಿ ನೋಡಬಾರದೆಂದು ಕಾನೂನೇ ಇದೆ, ಹೆದರಬೇಡ ಎಂದು ನಾನು ಸಮಾಧಾನ ಹೇಳಿದೆ. ಆಗ ನನಗೆ ಅಷ್ಟು ನಂಬಿಕೆಯಿತ್ತು.

ಕೆಲವು ದಿನ ಕಳೆದು ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ನನ್ನನ್ನು ಬೇರೆ ಕರೆದು ಏನನ್ನೂ ಕೇಳಲಿಲ್ಲ. ಎಲ್ಲರನ್ನೂ ಜಾಲಿಮರದ ಕೆಳಗೆ ನಿಲ್ಲಿಸಿ, ನನ್ನೆದುರಿಗೇ ಕೇಳಿದರು.

"ಏನ್ರಪಾ, ಇಲ್ಲಿ ಭೇದಭಾವ ಮಾಡ್ತೀರಂತ?"

"ಎಲ್ಲಿ ಮಾತ್ರೀ ಸಾಹೇಬ್ರ! ನಾವೆಲ್ಲಾ ಒಂದ ಮನಿಯವರಿದ್ದಂಗ" ಎಂದಳು ಹಿರಿಯ ಹೆಂಗಸೊಬ್ಬಳು.

"ಮತ್ತ ಈಕಿ ಕೊಟ್ಟ ನೀರು ಯಾಕ ಕುಡಿಯಂಗಿಲ್ಲ?"

ಬಾಯಿ ಬಿಟ್ಟವಳು ಕಾಶಿಬಾಯಿ. "ನೀರಡಿಕಿನ ಆಗಂಗಿಲ್ರಿ ಸಾಹೇಬ್ರ."

ಆ ಉರಿಬಿಸಿಲಿನಲ್ಲಿ, ಮೈಯೆಲ್ಲ ಬೆವೆತು ನಿಂತವಳ ಮಾತು ಕೇಳಿ ಎಲ್ಲರೂ ಗೊಳ್ಳೆಂದು ನಕ್ಕರು. ಸಾಹೇಬರೂ ನಕ್ಕರು.

"ಆತ್ ಬಿಡ್ರಿ, ಈಗ ಕುಡದು ತೋರಸ್ರಿ. ಒಂದು ಫೋಟೊ ತಗಿತೀನಿ, ಮುಗೀತು."

ಸಾಲಾಗಿ ಬಂದರು. ನಾನು ತಂಬಿಗೆಯಿಂದ ಬೊಗಸೆಗೆ ನೀರು ಹೊಯ್ದೆ, ಸಾಹೇಬರು ಮೊಬೈಲ್ ಹಿಡಿದು "ಇತ್ತಾಗ ನೋಡ್ರಿ, ಸ್ವಲ್ಪ ನಗ್ರಿ" ಎನ್ನುತ್ತಿದ್ದರು. ಕಾಶಿಬಾಯಿಯ ಸರದಿ ಬಂತು. ಅವಳಿಗೆ ನಿಜಕ್ಕೂ ಬಾಯಾರಿತ್ತು. ತಣ್ಣನೆಯ ನೀರು ತುಟಿಗೆ ತಾಗಿದ್ದೇ ಮೊದಲ ಗುಟುಕು ನುಂಗಿಬಿಟ್ಟಳು. ಅವಳ ಗಂಟಲಲ್ಲಿ ನೀರು ಇಳಿದದ್ದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ಅವಳಿಗೆ ನೆನಪಾಯಿತು. ಉಳಿದ ನೀರನ್ನು ಬಾಯಲ್ಲೇ ತುಂಬಿಕೊಂಡು, ಕೆನ್ನೆ ಉಬ್ಬಿಸಿ, ಫೋಟೊಗೆ ನಿಂತಳು.

ಜೀಪು ಕೆರೆಯ ಏರಿ ದಾಟಿರಲಿಲ್ಲ, ಮರದ ಹಿಂದೆ ಉಗುಳುವ ಸದ್ದು ಶುರುವಾಯಿತು. ಒಬ್ಬರಾದ ಮೇಲೊಬ್ಬರು. ತಮ್ಮ ಬಾಟಲಿಯ ನೀರಿನಿಂದ ಬಾಯಿ ಮುಕ್ಕಳಿಸಿದರು. ಕಾಶಿಬಾಯಿ ಎರಡು ಸಲ ಮುಕ್ಕಳಿಸಿದಳು.

"ಆತಲ್ಲ, ಕುಡದ್ರು. ಇನ್ನೇನು ಬೇಕು ನಿನಗ?" ಎಂದ ಸಿದ್ದಪ್ಪಣ್ಣ.

ಆ ಫೋಟೊ ಸಂಜೆಯೊಳಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೆಳಗೆ ಸಾಲು ಸಾಲು ಕೈಮುಗಿಯುವ ಚಿತ್ರಗಳು. ನನ್ನ ದೂರು ಏನಾಯಿತೆಂದು ಕೇಳಲು ಕಚೇರಿಗೆ ಹೋದಾಗ, ಸಮಸ್ಯೆ ಬಗೆಹರಿದಿದೆ, ಫೋಟೊ ಸಮೇತ ವರದಿ ಬಂದಿದೆ ಎಂದರು.

ನಾನು ಹಟ ಬಿಡಲಿಲ್ಲ. ಆ ಕೆಲಸ ಮುಗಿಯುವವರೆಗೂ ಪ್ರತಿದಿನ ಕೊಡ ತುಂಬಿಸಿಕೊಂಡು ಹೋಗಿ ಕುಳಿತೆ. ಉಳಿದ ನೀರನ್ನು ಸಂಜೆ ಜಾಲಿಮರದ ಬುಡಕ್ಕೆ ಸುರಿದು ಬರುತ್ತಿದ್ದೆ. ಆದರೆ ಮುಂದಿನ ವರ್ಷ ಕೆಲಸ ಕೇಳಲು ಹೋದಾಗ ಸಿದ್ದಪ್ಪಣ್ಣ ಮುಖ ಕೂಡ ಎತ್ತಲಿಲ್ಲ. "ಎಲ್ಲಾರೂ ಬಾಟಲಿ ತರ್ತಾರವಾ. ನೀರು ಕೊಡೂ ಕೆಲಸನ ಇಲ್ಲ ಈಗ" ಎಂದ. ಮತ್ತೆ ದೂರು ಕೊಡಬಹುದಿತ್ತು. ಮತ್ತೆ ಯಾರೋ ಬಂದು ಫೋಟೊ ತೆಗೆಯುತ್ತಾರೆ ಎಂದು ಹೋಗಲಿಲ್ಲ.

ಅವರು ಉಗುಳಿದ್ದು ನನಗೆ ಹೊಸದಲ್ಲ. ನನ್ನನ್ನು ಇಂದಿಗೂ ಸುಡುವುದು ಕಾಶಿಬಾಯಿ ನುಂಗಿದ ಆ ಒಂದು ಗುಟುಕು. ಅವಳಿಗೇನೂ ಆಗಲಿಲ್ಲ. ಏನೂ ಆಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಗೊತ್ತಿದ್ದೂ ಮುಕ್ಕಳಿಸಿದಳು.

ಈಗಲೂ ಸಂತೆಯಲ್ಲಿ ಎದುರಾಗುತ್ತಾಳೆ. "ರೇಣುಕಾ, ಆರಾಮ ಅದಿಯೇನ?" ಎಂದು ನಗುತ್ತಾಳೆ. "ಆರಾಮ ಅದೀನಿ" ಎನ್ನುತ್ತೇನೆ. ಅಷ್ಟು ಹೇಳುವುದರೊಳಗೆ ನನ್ನ ಬಾಯಿ ಒಣಗಿರುತ್ತದೆ.